ನಲವತ್ತು ಹೆಜ್ಜೆಗೆ ಕೇಳುವ ಬೇಸ್

ಕೊರಟಗೆರೆಯ ಕಾಲೇಜೊಂದರ ವಾರ್ಷಿಕೋತ್ಸವ ಮುಗಿಸಿ ವಾದ್ಯಗಳನ್ನು ಗಾಡಿಗೆ ತುಂಬುತ್ತಿದ್ದಾಗ ನಮ್ಮ ಆರ್ಕೆಸ್ಟ್ರಾದ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. ತಂಡ ಅವನದು, ಕೀಬೋರ್ಡ್ ನುಡಿಸುವವನೂ ಅವನೇ. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು. ಕೈಯಲ್ಲಿದ್ದ ವೈರನ್ನು ಸುತ್ತುತ್ತಲೇ ಇದ್ದ, ನನ್ನ ಮುಖ ನೋಡುತ್ತಿರಲಿಲ್ಲ.

“ಸಾರ್, ಬೇಜಾರು ಮಾಡ್ಕಬೇಡಿ. ನಿಮ್ಮ ಬೇಸು ಮುಂದಿನ ಸಾಲಿಗೇ ಕೇಳಿಸ್ತಿಲ್ಲ. ಈ ವಯಸ್ಸಲ್ಲಿ ಭಾರ ಹೊತ್ಕಂಡು ಯಾಕೆ ಒದ್ದಾಡ್ತೀರಾ? ಇನ್ಮೇಲೆ ಎಡಗೈಯಾಗೆ ನಾನೇ ಬೇಸ್ ನುಡಿಸ್ಬುಡ್ತೀನಿ. ನಿಮಗೆ ಮುಂದಿನ ಸಾಲಲ್ಲಿ ಒಂದು ಕುರ್ಚಿ ಇದ್ದೇ ಇರ್ತದೆ.”

ಮುಂದಿನ ಸಾಲಿನ ಕುರ್ಚಿ ಎಂದರೆ ಶಾಲು ಹೊದಿಸಿ ಕೂರಿಸುವ ಕುರ್ಚಿ. ನನ್ನ ಕುರ್ಚಿ ಅದಲ್ಲ. ನನ್ನದು ವೇದಿಕೆಯ ಮೇಲೆ, ಡ್ರಮ್ಸ್‌ನ ಬಲಕ್ಕೆ ಇರುವುದು. ನಿವೃತ್ತಿಯಾದ ಮೇಲೆ ಮಧುಗಿರಿಗೆ ಬಂದು ನೆಲೆಸಿದ ನಾಲ್ಕನೆಯ ತಿಂಗಳಿನಿಂದ ಅದರಲ್ಲಿ ಕುಳಿತಿದ್ದೇನೆ. ಒಂದು ಕಾರ್ಯಕ್ರಮಕ್ಕೂ ತಡವಾಗಿ ಹೋದವನಲ್ಲ, ಒಂದು ತಂತಿಯೂ ಶ್ರುತಿ ತಪ್ಪಿದ್ದಿಲ್ಲ. ಆದರೂ ಅವನು ಹೇಳಿದ್ದು ನಿಜವೇ ಸುಳ್ಳೇ ಎಂಬುದು ನನಗೇ ಗೊತ್ತಿರಲಿಲ್ಲ. ಮಧುಗಿರಿಯ ರಾಜ್ಯೋತ್ಸವದ ರಸಮಂಜರಿಗೆ ಮೂರು ವಾರವಿತ್ತು. ಅಲ್ಲಿಯವರೆಗೆ ಅವಕಾಶ ಕೊಡು, ಅವತ್ತೂ ಕೇಳಿಸದಿದ್ದರೆ ನಾನೇ ಇಳಿಯುತ್ತೇನೆ ಎಂದೆ. ಅವನು ಒಪ್ಪಿದ. ಒಪ್ಪಿದ್ದು ಮರ್ಯಾದೆಗೆ, ನಂಬಿಕೆಯಿಂದಲ್ಲ. ಅದು ಗೊತ್ತಾಗದಷ್ಟು ದಡ್ಡನಲ್ಲ ನಾನು.

ಬೇಸ್ ಗಿಟಾರನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು. ಅದಕ್ಕೆ ನಾಲ್ಕೇ ತಂತಿ, ಹಗ್ಗದ ಹಾಗೆ ದಪ್ಪ. ಹಾಡಿನ ರಾಗವನ್ನು ಅದು ನುಡಿಸುವುದಿಲ್ಲ. ಹಾಡಿನ ಕೆಳಗೆ ನಿಂತು ತಾಳವನ್ನೂ ಸ್ವರವನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಇದ್ದಾಗ ಯಾರೂ ಗಮನಿಸುವುದಿಲ್ಲ. ಇಲ್ಲದಿದ್ದಾಗ ಹಾಡು ಯಾಕೋ ತೆಳ್ಳಗಿದೆ ಅನ್ನುತ್ತಾರೆ. ಕಷ್ಟವೇನೆಂದರೆ, ತಳದ ಸ್ವರವನ್ನು ಬಯಲಿನಲ್ಲಿ ದೂರಕ್ಕೆ ತಲುಪಿಸುವುದಕ್ಕೆ ಬೆರಳಿನ ಬಲ ಸಾಲದು. ಬೆರಳಿನಷ್ಟೇ ಕೆಲಸವನ್ನು ಆಂಪ್ಲಿಫೈಯರೂ ಸ್ಪೀಕರ್ ಪೆಟ್ಟಿಗೆಯೂ ಮಾಡಬೇಕು.

ನಾನು ಮೂವತ್ತೆರಡು ವರ್ಷ ಪೊಲೀಸ್ ಬ್ಯಾಂಡಿನಲ್ಲಿದ್ದವನು. ಅಲ್ಲಿ ನನ್ನ ವಾದ್ಯ ಮೈಗೆ ಸುತ್ತಿಕೊಂಡು ನುಡಿಸುವ ದೊಡ್ಡ ಹಿತ್ತಾಳೆಯ ಕೊಳವೆ, ಬ್ಯಾಂಡಿನ ತಳದ ಸ್ವರ ಅದೇ. ಮುಂದೆ ಬ್ಯಾಂಡಿನಲ್ಲಿಯೇ ಆರ್ಕೆಸ್ಟ್ರಾ ವಿಭಾಗ ಶುರುವಾದಾಗ, ಕೆಳಗಿನ ಸ್ವರ ಗೊತ್ತಿರುವವನು ನೀನೇ ಎಂದು ಬೇಸ್ ಗಿಟಾರನ್ನು ನನ್ನ ಕೈಗೆ ಕೊಟ್ಟರು. ನಮ್ಮ ಬ್ಯಾಂಡ್ ಮೇಷ್ಟ್ರದ್ದು ಒಂದು ನಿಯಮವಿತ್ತು. ಪ್ರತಿ ಸೋಮವಾರ ಬೆಳಗ್ಗೆ ಅವರು ನಮ್ಮಿಂದ ಅಳೆದು ನಲವತ್ತು ಹೆಜ್ಜೆ ನಡೆದು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಯಾವುದಾದರೂ ವಾದ್ಯ ಕೇಳಿಸದಿದ್ದರೆ ಕೈ ಎತ್ತುತ್ತಿದ್ದರು. ಎತ್ತಿದ ಕೈ ಯಾರಿಗೆಂದು ನಮಗೆ ತಾನಾಗಿಯೇ ಗೊತ್ತಾಗುತ್ತಿತ್ತು. ನುಡಿಸುವವನ ಕಿವಿಯನ್ನು ಅವರು ಎಂದೂ ನಂಬಿದವರಲ್ಲ.

ಆ ನಿಯಮವನ್ನು ನಾನು ಸಮವಸ್ತ್ರದ ಜೊತೆ ಒಪ್ಪಿಸಿ ಬಂದುಬಿಟ್ಟಿದ್ದೆ. ಆರ್ಕೆಸ್ಟ್ರಾದಲ್ಲಿ ನನ್ನ ಕಾಲಬಳಿ ಒಂದು ಪುಟ್ಟ ಆಂಪ್ ಇಟ್ಟುಕೊಳ್ಳುತ್ತಿದ್ದೆ. ಅದರಲ್ಲಿ ಎಂಟಿಂಚಿನ ಒಂದೇ ಸ್ಪೀಕರ್. ನನ್ನ ಕಿವಿಗೆ ಚೆನ್ನಾಗಿ ಕೇಳಿಸುತ್ತಿತ್ತು, ಅಷ್ಟಕ್ಕೇ ಎಲ್ಲರಿಗೂ ಕೇಳಿಸುತ್ತಿದೆ ಎಂದುಕೊಂಡಿದ್ದೆ.

ಮಾರನೆಯ ಬೆಳಗ್ಗೆ ಐದಕ್ಕೆ ಎದ್ದು, ವ್ಯಾಯಾಮ ಮುಗಿಸಿ, ಏಳಕ್ಕೆ ಆಂಪನ್ನು ಅಂಗಳಕ್ಕೆ ತಂದಿಟ್ಟೆ. ನನ್ನ ಹೆಂಡತಿಗೆ ಎರಡು ನಿಮಿಷದಲ್ಲಿ ಕೆಲಸ ಕಲಿಸಿದೆ. ಮೇಲಿಂದ ಮೂರನೆಯ ತಂತಿ, ಎಡ ಬಲ ಎಡ ಬಲ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಪ್ರತಿ ಎಡಕ್ಕೆ ಒಮ್ಮೆ ಮೀಟುವುದು. ಒಲೆಯ ಮೇಲೆ ಹಾಲಿದೆ, ಹತ್ತು ನಿಮಿಷಕ್ಕಿಂತ ಹೆಚ್ಚು ಆಗುವುದಿಲ್ಲ ಎಂದು ಅವಳು ಷರತ್ತು ಹಾಕಿದಳು. ನಾನು ಬೀದಿಗೆ ಇಳಿದು ನಲವತ್ತು ಹೆಜ್ಜೆ ಎಣಿಸಿ ನಿಂತೆ. ಏನೋ ಟಿಕ್ ಟಿಕ್ ಎನ್ನುತ್ತಿತ್ತು. ನನ್ನ ಕಿವಿಗೇ ವಯಸ್ಸಾಗಿದೆಯೇನೋ ಎಂಬ ಅನುಮಾನ ಬಂದು ಅವಳನ್ನು ಅಲ್ಲಿಗೆ ಕಳಿಸಿ ನಾನು ನುಡಿಸಿದೆ. ವಾಪಸು ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟಳು.

“ಹಲ್ಲಿ ಲೊಚಗುಟ್ಟಿದಂಗೆ ಕೇಳ್ತದೆ ಕಣ್ರೀ.”

ಮೂರು ವರ್ಷ ನಾನು ವೇದಿಕೆಯ ಮೇಲೆ ಹಲ್ಲಿಯಾಗಿದ್ದೆ.

ಅವತ್ತೇ ಹತ್ತು ಗಂಟೆಗೆ ಊರಿನ ಸೌಂಡ್ ಅಂಗಡಿಗೆ ಹೋದೆ. ನಮ್ಮ ಕಾರ್ಯಕ್ರಮಗಳಿಗೆಲ್ಲ ಶಾಮಿಯಾನ, ಮೈಕು, ದೊಡ್ಡ ಬಾಕ್ಸುಗಳು ಬರುವುದು ಆ ಅಂಗಡಿಯವನಿಂದಲೇ. ದೊಡ್ಡೇರಿ ಕಡೆಯ ಕುರಿ ಸಾಕುವ ಮನೆತನದವನು. ಎಲ್ಲರಿಗೂ ಹೇಳುವ ಸಲಹೆಯನ್ನೇ ನನಗೂ ಹೇಳಿದ. ಗಿಟಾರಿನಿಂದ ಒಂದು ಲೈನ್ ಎಳೆದು ಎಲ್ಲ ಮೈಕುಗಳ ಶಬ್ದ ಬೆರೆಸುವ ತನ್ನ ಮಿಕ್ಸರಿಗೆ ಕೊಟ್ಟುಬಿಟ್ಟರೆ ಜನಕ್ಕೆ ತಲುಪುತ್ತದೆ, ಆಂಪಿನ ಗೋಜೇ ಬೇಡ. ಜನಕ್ಕೆ ತಲುಪುವುದು ನಿಜ. ಆದರೆ ಅವನ ಬಾಕ್ಸುಗಳು ಇರುವುದು ಜನದ ಕಡೆಗೆ ಮುಖ ಮಾಡಿ. ನನ್ನ ಪಕ್ಕದ ಡ್ರಮ್ಸಿನವನಿಗೇ ನಾನು ಕೇಳಿಸದಿದ್ದರೆ ತಾಳ ನಿಲ್ಲುವುದು ಹೇಗೆ? ಮೇಲಾಗಿ ಕೊಳಾಲದಂಥ ಕಡೆ ಸಣ್ಣ ಕಾರ್ಯಕ್ರಮಕ್ಕೆ ಎರಡೇ ಬಾಕ್ಸ್ ತರುತ್ತಾರೆ, ಅವುಗಳಲ್ಲಿ ಹಾಡುವವರ ದನಿಗೇ ಜಾಗ ಸಾಲದು. ನನ್ನ ಸ್ವರ ನನ್ನ ಕಾಲ ಮೇಲೆ ನಿಲ್ಲಬೇಕು ಎಂದೆ. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗಿದ.

“ಅಂಗಾದ್ರೆ ವಾಟ್ಸ್ ನೋಡಿ ತರಬ್ಯಾಡಿ ಸಾರ್. ಡಬ್ಬದ ಮೇಲೆ ಏನ್ ಬೇಕಾದ್ರೂ ಬರೀತಾರೆ. ನಮ್ಮಜ್ಜ ಮುಂದಿನ ಟಗರಿಗೆ ಒಂದು ದೊಡ್ಡ ಗಂಟೆ ಕಟ್ಟೋನು. ಸಣ್ಣ ಗಂಟೆ ಎಷ್ಟು ಜೋರಾಗಿ ಹೊಡಕಂಡ್ರೂ ಪಕ್ಕದ ಹೊಲಕ್ಕೇ ಕಡೆ. ದೊಡ್ಡದು ಗುಡ್ಡದ ಆಚೆಗೂ ಕೇಳೋದು. ಅದಕ್ಕೆ ಹೊಟ್ಟೆ ಇತ್ತು. ನೀವು ಹೊಟ್ಟೆ ನೋಡಿ ತನ್ನಿ.”

ಆಮೇಲೆ ನಾನು ಓದಿದ ಎಷ್ಟೋ ಪುಟಗಳ ಸಾರ ಇಷ್ಟೇ ಆಗಿತ್ತು. ವಾಟ್ಸ್ ಎರಡರಷ್ಟಾದರೆ ಶಬ್ದ ಎರಡರಷ್ಟಾಗುವುದಿಲ್ಲ, ತುಸು ಏರುತ್ತದೆ ಅಷ್ಟೆ. ತಳದ ಸ್ವರಕ್ಕೆ ಅಗಲವಾದ ಸ್ಪೀಕರ್ ಬೇಕು, ಅದರ ಹಿಂದೆ ಸಾಕಷ್ಟು ಗಾಳಿ ತುಂಬಿದ ಪೆಟ್ಟಿಗೆ ಬೇಕು. ಸ್ಪೀಕರ್ ಮುಂದಕ್ಕೆ ದೂಡುವಷ್ಟೇ ಶಬ್ದವನ್ನು ಹಿಂದಕ್ಕೂ ದೂಡುತ್ತದೆ. ಹಿಂದಿನದು ಸುತ್ತಿಬಳಸಿ ಮುಂದೆ ಬಂದರೆ ಮುಂದಿನದನ್ನು ತಿಂದುಹಾಕುತ್ತದೆ. ಆದ್ದರಿಂದ ಪೆಟ್ಟಿಗೆ ಗಾಳಿಯಾಡದಂತೆ ಮುಚ್ಚಿರಬೇಕು.

ಆ ವಾರ ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದೆ. ವಾದ್ಯಗಳ ಅಂಗಡಿಯಲ್ಲಿ ಗಾಜಿನ ಬಾಗಿಲಿನ ತಣ್ಣಗಿನ ಕೋಣೆಯೊಳಗೆ ಕೂರಿಸಿ ಒಂದಾದ ಮೇಲೊಂದು ಆಂಪ್ ಹಚ್ಚಿ ಕೊಟ್ಟರು. ಎಲ್ಲವೂ ಚೆನ್ನಾಗಿಯೇ ಇದ್ದವು. ಅಷ್ಟು ಸಣ್ಣ ಕೋಣೆಯಲ್ಲಿ ಯಾವುದು ತಾನೇ ಚೆನ್ನಾಗಿರುವುದಿಲ್ಲ? ಬಾಗಿಲು ತೆರೆದಿಡಿ, ನಾನು ಬೀದಿಗೆ ಹೋಗುತ್ತೇನೆ, ನೀವು ನುಡಿಸಿ ಎಂದೆ. ಅಂಗಡಿಯವನು ನನ್ನನ್ನೂ ಬೀದಿಯ ಗಲಾಟೆಯನ್ನೂ ನೋಡಿ, ಸಾರ್ ಹೊರಗಡೆ ಏನೂ ಕೇಳಲ್ಲ ಎಂದ. ಅದಕ್ಕೇ ಹೋಗುತ್ತಿರುವುದು ಎಂದೆ. ಎದುರಿನ ಫುಟ್‌ಪಾತಿನ ಮೇಲೆ ಜನರ ಕಾಲಿಗೆ ಸಿಕ್ಕುತ್ತಾ ಆರು ಆಂಪುಗಳನ್ನು ಕೇಳಿದೆ. ಕೋಣೆಯೊಳಗೆ ಗುಂ ಎಂದು ಮೆರೆದಿದ್ದ ಎರಡು ಹೊರಗೆ ಬರೀ ಮೋಡ ಗುಡುಗಿದ ಹಾಗಿದ್ದವು, ಯಾವ ಸ್ವರ ಎಂಬುದೇ ತಿಳಿಯದು. ಒಳಗೆ ಒಣಒಣ ಎನಿಸಿದ್ದ ಒಂದು ಮಾತ್ರ ಬಸ್ಸಿನ ಹಾರನ್ನಿನ ನಡುವೆಯೂ ಸ್ವರಸ್ವರವಾಗಿ ಬಂತು. ಅದನ್ನೇ ಆರಿಸಿದೆ. ಬರೀ ಆಂಪು, ಸ್ಪೀಕರ್ ಇಲ್ಲದ್ದು, ಅಂಗಡಿಯಲ್ಲಿ ಕೇಳಿಸಿದ್ದು ಅವರ ಪೆಟ್ಟಿಗೆಗೆ ಜೋಡಿಸಿ. ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬರುವಷ್ಟು ಹಗುರ.

ಪೆಟ್ಟಿಗೆಗಳಲ್ಲಿ ಅವರು ತೋರಿಸಿದ ಅತಿ ಒಳ್ಳೆಯದು ಎಂಟು ಸ್ಪೀಕರಿನದು, ಫ್ರಿಜ್‌ನಷ್ಟು ಎತ್ತರ. ನಾಲ್ಕು ಜನ ಹೊರಬೇಕು. ಅದನ್ನು ನಮ್ಮ ಗಾಡಿಗೆ ಹಾಕಿದರೆ ಗಾಯಕಿಯರು ನಡೆದು ಬರಬೇಕಾಗುತ್ತದೆ. ನಾನು ಹನ್ನೆರಡಿಂಚಿನ ಎರಡು ಸ್ಪೀಕರುಗಳನ್ನಷ್ಟೇ ತೆಗೆದುಕೊಂಡೆ. ಪೆಟ್ಟಿಗೆ ಊರಲ್ಲಿ ಮಾಡಿಸುತ್ತೇನೆ ಎಂದಾಗ ಅಂಗಡಿಯವನು ಅದರ ಅಳತೆಯ ನಕ್ಷೆ ಅಚ್ಚು ಹಾಕಿ ಕೊಟ್ಟ. ಹೊರಡುವ ಮುಂಚೆ ಸ್ಪೀಕರುಗಳ ಹಿಂಭಾಗ ತಿರುಗಿಸಿ ಎರಡರಲ್ಲೂ ಎಂಟು ಓಮ್ ಎಂದು ಬರೆದಿರುವುದನ್ನು ಕಣ್ಣಾರೆ ನೋಡಿದೆ. ಓಮ್ ಎಂದರೆ ಸ್ಪೀಕರ್ ಒಡ್ಡುವ ತಡೆ. ಎಂಟರ ಎರಡನ್ನು ಜೊತೆಗೆ ಜೋಡಿಸಿದರೆ ಆಂಪಿಗೆ ನಾಲ್ಕಾಗಿ ಕಾಣುತ್ತದೆ. ನಾಲ್ಕರ ಎರಡನ್ನು ಜೋಡಿಸಿದರೆ ಎರಡಾಗುತ್ತದೆ. ನನ್ನ ಆಂಪ್ ನಾಲ್ಕಕ್ಕಿಂತ ಕೆಳಗಿಳಿದರೆ ಕಾದು ಬಾಯಿ ಮುಚ್ಚುತ್ತದೆ. ಹಾಡಿನ ನಡುವೆ ಹೀಗೆ ಬಾಯಿ ಮುಚ್ಚಿದ ಆಂಪುಗಳನ್ನು ನಾನು ಕಂಡಿದ್ದೇನೆ. ಹೆಚ್ಚಿನವರು ಓಮ್ ನೋಡುವುದಿಲ್ಲ, ಬಣ್ಣ ನೋಡುತ್ತಾರೆ.

ಶಿರಾದಲ್ಲಿ ಒಬ್ಬ ಬಡಗಿ ಇದ್ದಾರೆ. ಅವರ ತಂದೆ, ಅಜ್ಜ ಎಲ್ಲರೂ ಮಂಚ, ಬೀರು ಮಾಡಿದವರು. ಮನೆಯ ಮುಂಭಾಗವೇ ಅಂಗಡಿ, ಪರದೆಯ ಹಿಂದೆ ಸಂಸಾರ. ನನ್ನ ತಂಗಿಯ ಮದುವೆಯ ಮಂಚ ಅವರ ತಂದೆಯ ಕೈಯದು, ಇವತ್ತಿಗೂ ಕಿರುಗುಟ್ಟುವುದಿಲ್ಲ. ನಾನು ನಕ್ಷೆ ಹರಡಿ ಅಳತೆ ವಿವರಿಸಿದೆ. ಒಳ್ಳೆಯ ಪ್ಲೈವುಡ್, ಪುಡಿ ಒತ್ತಿದ ಹಲಗೆ ಬೇಡ. ಎರಡು ಪೆಟ್ಟಿಗೆ, ಒಂದೊಂದರಲ್ಲಿ ಒಂದು ಸ್ಪೀಕರ್, ಆಗ ಒಬ್ಬನೇ ಎತ್ತಬಹುದು. ಗೋಡೆ ಗಡಿಯಾರದಲ್ಲಿ ನನ್ನ ಬಸ್ಸಿಗೆ ಎಂಟು ನಿಮಿಷ ಉಳಿದಿತ್ತು. “ಒಳಗಿನ ಗಾಳಿಯೇ ಇದರ ಜೀವ. ಗಾಳಿ ಮುಖ್ಯ. ನೆನಪಿರಲಿ” ಎಂದು ಹೇಳಿ, ಸ್ಪೀಕರುಗಳನ್ನು ಅಲ್ಲೇ ಬಿಟ್ಟು ಹೊರಟೆ. ಅವರು ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದರು.

ಕಾರ್ಯಕ್ರಮಕ್ಕೆ ಐದು ದಿನವಿರುವಾಗ ಆಂಪು, ಗಿಟಾರು ಹೊತ್ತು ಹೋಗಿ ನೋಡಿದೆ. ಎರಡು ಪೆಟ್ಟಿಗೆಗಳು ಪರದೆಗೆ ಬೆನ್ನು ಮಾಡಿ ಕಪ್ಪಗೆ ಹೊಳೆಯುತ್ತಾ ಕುಳಿತಿದ್ದವು. ಮೂಲೆಗಳು ಕೂಡಿದ ರೀತಿ ನೋಡಿದರೆ ಕೂದಲು ತೂರುವಷ್ಟು ಸಂದಿಲ್ಲ. ಬೆರಳು ಮಡಿಚಿ ತಟ್ಟಿದರೆ ಕಲ್ಲಿನ ಹಾಗೆ ಉತ್ತರ. ಆಂಪ್ ಜೋಡಿಸಿ ಮೀಟಿದೆ.

ಫುರ್ ಎಂದಿತು.

ಮತ್ತೆ ಮೀಟಿದೆ. ಮೇಲಿನ ಸ್ವರಗಳು ಇವೆ, ಕೆಳಗಿನವು ಇಲ್ಲ. ವೈರಿನ ಪ್ಲಸ್ ಮೈನಸ್ ನೋಡಿದೆ, ಸರಿಯಿದೆ. ಇನ್ನೊಂದು ಪೆಟ್ಟಿಗೆಗೆ ಬದಲಾಯಿಸಿದೆ, ಅದೂ ಫುರ್ ಎಂದಿತು. ಬಡಗಿಯ ಕೈಗೆ ಗಿಟಾರ್ ಕೊಟ್ಟು ನಲವತ್ತು ಹೆಜ್ಜೆ ನಡೆದು ಬೀದಿಯ ಟೀ ಅಂಗಡಿಯ ಮುಂದೆ ನಿಂತೆ. ಅದೇ ಹಲ್ಲಿ. ಮುಂದಿನ ಸಾಲಿನ ಕುರ್ಚಿ ಕಣ್ಣಮುಂದೆ ಬಂತು, ಅದರ ಮೇಲೆ ಮಡಿಸಿಟ್ಟ ಶಾಲು ಸಮೇತ. ವಾಪಸು ಬರುವ ನಲವತ್ತು ಹೆಜ್ಜೆಯನ್ನು ನಾನು ಎಣಿಸಲಿಲ್ಲ.

ಅಂಗಡಿಗೆ ಬಂದಾಗ ಬಡಗಿ ಇನ್ನೂ ಒಂದೇ ಸಮ ಮೀಟುತ್ತಿದ್ದರು. ಒಳಗಿನಿಂದ ಅವರ ಮನೆಯಾಕೆಯ ದನಿ ಬಂತು.

“ಅಜೀ, ಪರ್ದಾ ಕೈಕು ಹಿಲ್ತಾ?”

ಪರದೆ ಯಾಕೆ ಅಲ್ಲಾಡುತ್ತಿದೆ ಎಂದು ಕೇಳುತ್ತಿದ್ದರು. ನೋಡಿದೆ. ಪೆಟ್ಟಿಗೆಯ ಹಿಂದೆ ಒಂದು ಗೇಣು ದೂರದಲ್ಲಿದ್ದ ಬಾಗಿಲ ಪರದೆ, ಒಂದೊಂದು ಸಲ ತಂತಿ ಮೀಟಿದಾಗಲೂ ಒಳಕ್ಕೆ ಉಬ್ಬಿ ಹೊರಕ್ಕೆ ಬರುತ್ತಿತ್ತು. ಪೆಟ್ಟಿಗೆಯನ್ನು ತಿರುಗಿಸಿದೆ. ಹಿಂಭಾಗದ ನಡುವೆ ಒಂದಡಿ ಅಗಲದ ಗುಂಡನೆಯ ಜಾಲರಿ. ಮರದಲ್ಲಿ ಕೊರೆದ ಎಲೆ, ಬಳ್ಳಿ, ನಕ್ಷತ್ರ. ಮನೆಗಳ ಕಿಟಕಿಗೆ ಇಟ್ಟರೂ ಒಪ್ಪುವಷ್ಟು ಚಂದ. ನಕ್ಷೆಯಲ್ಲಿ ಇದು ಎಲ್ಲೂ ಇರಲಿಲ್ಲ.

ಇದೇನು ಎಂದು ಕೇಳಿದೆ. ದನಿ ಪರೇಡಿನದೇ ಬಂದಿರಬೇಕು. ಅವರು ಗಿಟಾರನ್ನು ಮೆಲ್ಲಗೆ ಕೆಳಗಿಟ್ಟರು.

“ನೀವೇ ಹೇಳಿದ್ರಲ್ಲಾ ಸಾಬ್, ಹವಾ ಮುಖ್ಯ, ನೆನಪಿರ್ಲಿ ಅಂತ. ಕರೆಂಟಿನ ಸಾಮಾನು, ಬಿಸಿ ಆಗ್ತದೆ, ಉಸಿರಾಡಕ್ಕೆ ಜಾಗ ಬೇಡ್ವಾ? ಎರಡು ದಿನ ಇದಕ್ಕೇ ಕೂತಿದೀನಿ.”

ಗಾಳಿಯನ್ನು ಒಳಗೆ ಹಿಡಿದಿಡಬೇಕು ಎಂದು ಹೇಳಬೇಕಾಗಿದ್ದವನು ಗಾಳಿ ಮುಖ್ಯ ಎಂದು ಆಜ್ಞೆ ಕೊಟ್ಟು ಬಸ್ಸಿಗೆ ಓಡಿದ್ದೆ. ಮೂರು ಮಾತಿಗಿಂತ ಹೆಚ್ಚು ಹೇಳದಿರುವುದು ಶಿಸ್ತು ಎಂದು ಮೂವತ್ತೆರಡು ವರ್ಷ ನಂಬಿದವನು ನಾನು. ನಾಲ್ಕನೆಯ ಮಾತು ಇಲ್ಲದ್ದರಿಂದ ಒಬ್ಬ ಒಳ್ಳೆಯ ಕೆಲಸಗಾರ ಎರಡು ದಿನ ಕೂತು ನನ್ನ ಸ್ವರಕ್ಕೆ ತೂತು ಕೊರೆದಿದ್ದರು. ನಕ್ಷೆ ತೆಗೆದು, ಈ ಸಲ ಕುಳಿತುಕೊಂಡು, ಹಿಂದಿನ ಶಬ್ದ ಮುಂದಿನದನ್ನು ಹೇಗೆ ತಿನ್ನುತ್ತದೆ ಎಂದು ವಿವರಿಸಿದೆ. ತಪ್ಪು ನನ್ನದು ಎಂದೂ ಹೇಳಿದೆ. ಬಡಗಿ ಗಡ್ಡ ನೀವಿಕೊಳ್ಳುತ್ತಾ ಕೇಳಿಸಿಕೊಂಡರು. ಪರದೆಯ ಹಿಂದಿನಿಂದ ಆಕೆ ಅವರಿಗಿಂತ ಬೇಗ ಅರ್ಥ ಮಾಡಿಕೊಂಡರು.

“ಅಂಗಂದ್ರೆ ದಮ್ ಕಟ್ಬೇಕು ಅನ್ನಿ ಭಾಯ್. ಬಿರ್ಯಾನಿ ಹಂಡೆಗೆ ಹಬೆ ಹೋಗ್ದಂಗೆ ಕಟ್ಟಲ್ವಾ? ಅಂಗೆ.”

ಹೇಳಿದ್ದಷ್ಟೇ ಅಲ್ಲ, ಎರಡು ನಿಮಿಷದಲ್ಲಿ ಪರದೆಯ ಅಂಚಿನಿಂದ ದೊಡ್ಡ ಹಂಡೆಯ ತಾಮ್ರದ ಮುಚ್ಚಳವೂ ರೊಟ್ಟಿಗೆ ಕಲಸಿಟ್ಟಿದ್ದ ಹಿಟ್ಟೂ ಹೊರಗೆ ಬಂದವು. ಬಡಗಿ ಹಿಟ್ಟನ್ನು ಹಗ್ಗದಂತೆ ಹೊಸೆದು ಜಾಲರಿಯ ಸುತ್ತ ಇಟ್ಟು, ಮುಚ್ಚಳ ಒತ್ತಿ, ಪೆಟ್ಟಿಗೆಯನ್ನು ಮೊದಲಿನ ಕಡೆಗೇ ತಿರುಗಿಸಿ, ಎರಡೂ ಅಂಗೈಯಿಂದ ಹಿಡಿದು ಕುಳಿತರು. “ಹೊಡೀರಿ ಸಾಬ್” ಎಂದರು. ಮೀಟಿದೆ.

ಪರದೆ ಅಲ್ಲಾಡಲಿಲ್ಲ. ಸ್ವರ ನೆಲದಿಂದ ಎದ್ದು ಬಂತು. ಒಳಗೆ ಗೂಡಿನಲ್ಲಿಟ್ಟಿದ್ದ ಸ್ಟೀಲ್ ಲೋಟಗಳು ಝಣ್ ಎಂದವು, ಆಕೆ ನಗುವುದು ಕೇಳಿಸಿತು. ನಾನು ನಿಲ್ಲಿಸದೆ ನುಡಿಸುತ್ತಲೇ ಇದ್ದೆ. ನಲವತ್ತು ಹೆಜ್ಜೆ ಆಚೆಯ ಟೀ ಅಂಗಡಿಯವನು ಹೊರಗೆ ಬಂದು, ಕೈಯಲ್ಲಿ ಸೌಟು ಹಿಡಿದೇ ನಮ್ಮ ಕಡೆ ನೋಡುತ್ತಾ ನಿಂತ. ನಾನು ಹೋಗಿ ಅಳೆಯುವ ಅಗತ್ಯ ಬರಲಿಲ್ಲ.

ಅವರು ಎರಡಕ್ಕೂ ಹೊಸ ಹಿಂಭಾಗ ಹಾಕಿದರು. ಕಿಟಕಿಯ ಗಾಜಿಗೆ ಬಳಸುವ ರಬ್ಬರ್ ಪಟ್ಟಿಯನ್ನು ಅಂಚಿಗೆ ಕೊಟ್ಟು, ನಾಲ್ಕು ಬೆರಳಿಗೊಂದು ಸ್ಕ್ರೂ ಬಿಗಿದು, ಒಳಮೈಗೆ ಹಾಸಿಗೆ ಹೊಲಿಯುವವರಿಂದ ತಂದ ಹತ್ತಿ ಹಚ್ಚಿದರು. ಕೊರೆದ ಜಾಲರಿಗಳನ್ನು ಎಸೆಯಲು ಮನಸ್ಸು ಬರಲಿಲ್ಲ ಅವರಿಗೆ. ಸ್ಪೀಕರಿನ ಮುಂದೆ ಹೇಗೂ ಕಾವಲಿಗೆ ಒಂದು ಜಾಳಿಗೆ ಬೇಕಲ್ಲ ಎಂದು ನಾನೇ ಹೇಳಿದೆ. ಅವನ್ನು ಗುಂಡಗೆ ಕತ್ತರಿಸಿ ಮುಂದಕ್ಕೆ ಕೂರಿಸಿದರು. ಸರಿಯಾಗಿ ಹನ್ನೆರಡಿಂಚು.

ಮಧುಗಿರಿಯ ಮೈದಾನಕ್ಕೆ ನಾನು ಆರರ ಕಾರ್ಯಕ್ರಮಕ್ಕೆ ಎರಡೂವರೆಗೇ ಹಾಜರಾದೆ. ಯಜಮಾನ ಪೆಟ್ಟಿಗೆಗಳನ್ನು ನೋಡಿ, “ಇದೇನ್ ಸಾರ್, ಮದುವೆ ಬೀರು ತಂದ್ಬುಟ್ರಾ?” ಎಂದ. ಎಲ್ಲರೂ ನಕ್ಕರು. ನಾನು ನನ್ನ ಕೆಲಸ ನೋಡಿಕೊಂಡೆ. ವೇದಿಕೆ ಹಲಗೆಯದು, ಒಳಗೆ ಟೊಳ್ಳು. ಪೆಟ್ಟಿಗೆಯನ್ನು ಹಲಗೆಯ ಮೇಲೆ ಇಟ್ಟರೆ ವೇದಿಕೆಯೇ ತಮಟೆಯಾಗುತ್ತದೆ. ಸಿಮೆಂಟ್ ಇಟ್ಟಿಗೆ ತರಿಸಿ ಸೊಂಟದೆತ್ತರಕ್ಕೆ ಜೋಡಿಸಿ ಅದರ ಮೇಲೆ ಇಟ್ಟೆ. ಮೀಟುವುದಕ್ಕೆ ಹೆಂಡತಿಯನ್ನು ವೇದಿಕೆಗೆ ಹತ್ತಿಸಿ, ಸೌಂಡಿನವನನ್ನು ಜೊತೆಗೆ ಕರೆದುಕೊಂಡು ಬಯಲಿಗಿಳಿದೆ.

ನಲವತ್ತಕ್ಕೆ ಸ್ಪಷ್ಟವಾಗಿತ್ತು. ಎಂಬತ್ತಕ್ಕೂ ಇತ್ತು. ನೂರಿಪ್ಪತ್ತರ ಹತ್ತಿರ ಬೆಟ್ಟದ ಕಾಟ ಶುರುವಾಯಿತು. ನಮ್ಮ ಊರಿನ ಬೆಟ್ಟ ಒಂದೇ ಬೋಳುಬಂಡೆ, ಮೈದಾನದ ಮೇಲೆ ಗೋಡೆಯ ಹಾಗೆ ನಿಂತಿದೆ. ನಾವು ಕಳಿಸಿದ್ದನ್ನೆಲ್ಲ ಅದು ಸ್ವಲ್ಪ ತಡೆದು ವಾಪಸು ಕಳಿಸುತ್ತದೆ. ಒಂದು ಸ್ವರ ಹೋಗುವಷ್ಟರಲ್ಲಿ ಹಿಂದಿನ ಸ್ವರ ಬಂದು ಡಿಕ್ಕಿ ಹೊಡೆಯುತ್ತಿತ್ತು. ಸೌಂಡಿನವನು ಇನ್ನೂ ಏರಿಸೋಣ ಎಂದ. ನಾನು ಇಳಿಸಿದೆ. ಆಂಪಿನ ಗುಂಡಿಗಳಲ್ಲಿ ತೀರ ಕೆಳಗಿನ ಸ್ವರವನ್ನು ಎರಡು ಗೆರೆ ಇಳಿಸಿ, ಅದಕ್ಕಿಂತ ಮೇಲಿನದನ್ನು ಒಂದು ಗೆರೆ ಏರಿಸಿ, ಪೆಟ್ಟಿಗೆಗಳ ಮುಖವನ್ನು ಬೆಟ್ಟದಿಂದ ಸ್ವಲ್ಪ ಓರೆಯಾಗಿಸಿ ಬಂದೆ. ಮತ್ತೆ ನೂರಿಪ್ಪತ್ತಕ್ಕೆ ನಡೆದೆವು. ಅವನು ಕಣ್ಣು ಮುಚ್ಚಿ ನಿಂತ. ದೂರದ ಹಿಂಡಿನ ಗಂಟೆ ಕೇಳುವವರು ಹೀಗೇ ನಿಲ್ಲುತ್ತಿದ್ದರೇನೋ.

“ಈಗ ಗುಂ ಅನ್ನಾಕಿಲ್ಲ ಸಾರ್. ಮಾತಾಡ್ತೈತೆ.”

ಅಷ್ಟರಲ್ಲಿ ಇಡೀ ಮೈದಾನಕ್ಕೆ, ಬೆಟ್ಟಕ್ಕೂ ಸೇರಿ, ನನ್ನ ಹೆಂಡತಿಯ ದನಿ ಕೇಳಿಸಿತು. ಎದುರಿಗಿದ್ದ ಮೈಕು ಆನ್ ಆಗಿರುವುದು ಅವಳಿಗೆ ಗೊತ್ತಿರಲಿಲ್ಲ.

“ರೀ, ಬೆರಳು ನೋಯ್ತದೆ. ಇನ್ನೂ ಎಷ್ಟು ಹೆಜ್ಜೆ?”

ಕುರ್ಚಿ ಹಾಕುತ್ತಿದ್ದವರು ಕುರ್ಚಿ ಬಿಟ್ಟು ನಕ್ಕರು. ಬೆಟ್ಟವೂ ಎಷ್ಟು ಹೆಜ್ಜೆ ಎಂದು ಕೇಳಿತು.

ಕಾರ್ಯಕ್ರಮ ಆರಕ್ಕೆ ಶುರುವಾಯಿತು. ಮೊದಲ ಹಾಡಿನಲ್ಲಿ ಯಜಮಾನ ಎಡಗೈಯಿಂದ ಬೇಸ್ ನುಡಿಸುತ್ತಲೇ ಇದ್ದ. ಅದು ಅವನ ಮುನ್ನೆಚ್ಚರಿಕೆ, ನಾನು ಕೇಳಿಸದಿದ್ದರೆ ಹಾಡು ಬೀಳಬಾರದಲ್ಲ. ತಪ್ಪಿಲ್ಲ. ಆದರೆ ಎರಡು ಬೇಸುಗಳು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಆಗುತ್ತಿತ್ತು. ಡ್ರಮ್ಸಿನವನು ನನ್ನ ಕಡೆಗೆ ತಿರುಗಿ ಕುಳಿತ, ಅವನು ತಾಳ ಹಿಡಿದದ್ದು ನನ್ನ ಪೆಟ್ಟಿಗೆಯಿಂದ. ಎರಡನೆಯ ಚರಣದಲ್ಲಿ ಯಜಮಾನ ಒಮ್ಮೆ ಜಾಲರಿಯ ಕಡೆ ನೋಡಿದ, ಒಮ್ಮೆ ನನ್ನ ಬೆರಳು ನೋಡಿದ. ಆಮೇಲೆ ಎಡಗೈಯನ್ನು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಹಾಡು ಮುಗಿಯುವವರೆಗೆ ಅದು ಅಲ್ಲೇ ಇತ್ತು. ಮೂರನೆಯ ಹಾಡಿಗೆ ಆ ಕೈಗೆ ಬೇರೆ ಕೆಲಸ ಹುಡುಕಿಕೊಂಡು ಪಿಟೀಲಿನ ಸ್ವರಗಳನ್ನು ಸೇರಿಸಿದ. ಅಷ್ಟು ತುಂಬಿಕೊಂಡ ಹಾಡನ್ನು ನಮ್ಮ ತಂಡ ಹಿಂದೆ ನುಡಿಸಿದ್ದು ನನಗೆ ನೆನಪಿಲ್ಲ. ನನ್ನ ಸೇವೆಯಲ್ಲಿ ಪದಕ ಬಂದ ದಿನವೂ ನಾನು ಅಷ್ಟು ನೆಟ್ಟಗೆ ಕುಳಿತಿರಲಾರೆ.

ಕಲಾವಿದರನ್ನು ಪರಿಚಯಿಸುವಾಗ ಅವನು ನನ್ನನ್ನು ಯಾವಾಗಲೂ ನಮ್ಮ ತಂಡದ ಹಿರಿಯರು ಎನ್ನುತ್ತಿದ್ದ. ಆವತ್ತು ಮೈಕಿನಲ್ಲಿ, “ಬೇಸ್ ಗಿಟಾರ್‌ನಲ್ಲಿ ನನ್ನ ಎಡಗೈ” ಎಂದ. ಜನಕ್ಕೆ ಅರ್ಥವಾಗಲಿಲ್ಲ, ಚಪ್ಪಾಳೆ ಹೊಡೆದರು. ನನಗೆ ಅರ್ಥವಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಶಿರಾದ ಬಡಗಿ, ಅವರ ಮನೆಯಾಕೆ ವೇದಿಕೆಯ ಹಿಂದೆ ಬಂದರು. ಬನ್ನಿ ಎಂದು ಕರೆದಿದ್ದೆ, ಬರುತ್ತಾರೆ ಎಂದುಕೊಂಡಿರಲಿಲ್ಲ. ಬಡಗಿ ನನ್ನನ್ನು ಮಾತಾಡಿಸುವ ಮೊದಲು ಪೆಟ್ಟಿಗೆಯ ಹಿಂದೆ ಬಗ್ಗಿ, ಅಂಚಿನ ಸುತ್ತ ಅಂಗೈ ಆಡಿಸಿದರು. “ಹವಾ ಇಲ್ಲ ಸಾಬ್” ಎಂದರು. ಅವರ ಮುಖದಲ್ಲಿದ್ದ ಹೆಮ್ಮೆ ನನ್ನ ಮುಖದಲ್ಲಿದ್ದದ್ದೇ. ಆಕೆ ಜಾಲರಿಯ ಎಲೆಗಳನ್ನು ಬೆರಳಿನಿಂದ ಮುಟ್ಟಿ, ನಮ್ಮ ಹಿಟ್ಟಿನ ಬಾಬ್ತು ಯಾವಾಗ ತೀರಿಸುತ್ತೀರಿ ಎಂದು ನನ್ನ ಹೆಂಡತಿಯನ್ನು ಕೇಳಿದರು. ಹೆಂಡತಿ ಅವರಿಬ್ಬರನ್ನೂ ಭಾನುವಾರ ಊಟಕ್ಕೆ ಕರೆದಳು.

ಮನೆಗೆ ನಡೆದು ಬರುವಾಗ ಅವಳು, ಅಷ್ಟು ಜನರ ಮುಂದೆ ನಿಮ್ಮನ್ನು ಎಡಗೈ ಅಂದರಲ್ಲಾ, ಊಟಕ್ಕೂ ಬಾರದ ಕೈ ಎಂದು ಕಾಲೆಳೆದಳು. ನೀನು ಬೆಟ್ಟದ ಹತ್ತಿರ ಹೆಜ್ಜೆ ಲೆಕ್ಕ ಕೇಳಿದ್ದಕ್ಕಿಂತ ವಾಸಿ ಎಂದೆ.

ಮುಂದಿನ ಕಾರ್ಯಕ್ರಮ ಪಾವಗಡದ ಒಂದು ಮದುವೆಯ ಆರತಕ್ಷತೆ. ಮಧ್ಯಾಹ್ನವೇ ಹೋಗಿದ್ದೆವು. ಯಜಮಾನ ಎಂದಿನಂತೆ ಒಂದು ಹಾಳೆಯ ಮೇಲೆ ಯಾರ ಕುರ್ಚಿ ಎಲ್ಲಿ ಎಂದು ಗುಂಡಗೆ ಗೀಚುತ್ತಿದ್ದ. ಮೊದಲ ವೃತ್ತ ನನ್ನದು, ಕೀಬೋರ್ಡಿನ ಎಡಕ್ಕೆ. ಹುಡುಗಿಯ ಕಡೆಯ ಹಿರಿಯರೊಬ್ಬರು ಪೆಟ್ಟಿಗೆಯ ಜಾಲರಿ ನೋಡಿ, “ಇದಿ ಎಕ್ಕಡ ಚೇಯಿಂಚಾರು?” ಎಂದು ತೆಲುಗಿನಲ್ಲಿ ಕೇಳಿದರು. ಎಲ್ಲಿ ಮಾಡಿಸಿದ್ದು ಎಂಬುದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಯಜಮಾನ ಉತ್ತರ ಕೊಟ್ಟ. ಶಿರಾದ ಬಡಗಿ, ಎಂಟು ಓಮಿನ ಸ್ಪೀಕರು, ಹಿಂದೆ ರಬ್ಬರ್ ಪಟ್ಟಿ ಎಂದು ಎಲ್ಲವನ್ನೂ ತಾನೇ ಆರಿಸಿ ತಂದವನ ಹಾಗೆ ವಿವರಿಸಿದ. ನಾನು ತಿದ್ದಲು ಹೋಗಲಿಲ್ಲ.

ಆವತ್ತು ಹೆಂಡತಿ ಬಂದಿರಲಿಲ್ಲ. ಯಾರಿಂದ ಮೀಟಿಸುವುದು ಎಂದು ನೋಡುತ್ತಿದ್ದೆ. “ಹೆಜ್ಜೆ ಹಾಕಿ ಸಾರ್, ನಾನು ಹೊಡೀತೀನಿ” ಎಂದು ಯಜಮಾನ ನನ್ನ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡ. ಮೀಟಿದ್ದು ಎಡಗೈಯಿಂದ. ನಾನು ಛತ್ರದ ಉದ್ದಕ್ಕೂ ಹೆಜ್ಜೆ ಎಣಿಸುತ್ತಾ, ಊಟದ ಮೇಜುಗಳನ್ನು ದಾಟಿ, ಬಾಗಿಲಾಚೆ ಚಪ್ಪರದ ಕೆಳಗೆ ನಲವತ್ತನೆಯ ಹೆಜ್ಜೆಗೆ ನಿಂತೆ. 

ಬ್ಯಾಂಡ್ ಮೇಷ್ಟ್ರ ಹಾಗೆ ಬೆನ್ನು ತಿರುಗಿಸಿದೆ. ಕೇಳಿದೆ. ಕೈ ಎತ್ತಲಿಲ್ಲ.